ಪರೀಕ್ಷೆಗಳೆಲ್ಲ ಸರಿ ಇವೆ, ಎದೆಯ ಬಿಗಿತ ಮಾತ್ರ ಹೋಗುತ್ತಿಲ್ಲ

ಪ್ರಶ್ನೆ: ನನಗೆ 38 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕವಿದೆ. ಗೂಡಿನ ಮಾರುಕಟ್ಟೆಯ ಗೆಳೆಯರೊಬ್ಬರು ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಅಂದಿನಿಂದ ನನಗೆ ಎದೆ ಬಿಗಿಯುತ್ತದೆ, ಬೆರಳುಗಳು ಜುಮುಗುಡುತ್ತವೆ. ನಾಲ್ಕು ಸಲ ಇಸಿಜಿ, ಜೊತೆಗೆ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿದೆ. ಎಲ್ಲವೂ ಸರಿ ಇದೆ ಎಂದರು. ಆದರೂ ರಾತ್ರಿ ಎದ್ದು ನಾಡಿ ಹಿಡಿದು ನೋಡಿಕೊಳ್ಳುತ್ತೇನೆ. ಮನೆಯವಳು ಇದು ಭ್ರಮೆ ಎನ್ನುತ್ತಾಳೆ. ನನ್ನ ನೋವು ಸುಳ್ಳೇ?

ಉತ್ತರ: ಸುಳ್ಳಲ್ಲ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ ಎದೆಬಡಿತ ಏರುತ್ತದೆ, ಎದೆಯ ಸ್ನಾಯುಗಳು ಬಿಗಿಯುತ್ತವೆ. ಉಸಿರಾಟ ವೇಗವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದರೆ ಬೆರಳು ಜುಮುಗುಡುತ್ತದೆ. ಅದನ್ನೇ ರೋಗದ ಗುರುತೆಂದು ಬಗೆದು ಮತ್ತೆ ಹೆದರುತ್ತೀರಿ. ಇದಕ್ಕೆ ಭ್ರಮೆ ಎಂಬ ಮಾತು ಸಲ್ಲದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದಿದ್ದರು. ಅಂಥ ಭಯ ಸಹಜ, ಆದರೆ ಬಹುಪಾಲು ಜನರಲ್ಲಿ ತಾನಾಗಿ ಇಳಿಯುತ್ತದೆ.

ಕಾರಣ ಸಿಗದ ನೋವನ್ನೆಲ್ಲ ಮನಸ್ಸಿನ ಕಾಯಿಲೆ ಎನ್ನುವ ರೂಢಿಯನ್ನು 2013ರಲ್ಲಿ ಬಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಕೈಬಿಟ್ಟಿತು. ಲಕ್ಷಣಕ್ಕೆ ಕಾರಣ ಸಿಕ್ಕಿತೇ ಎಂಬುದಕ್ಕಿಂತ, ಅದರ ಕುರಿತ ಚಿಂತೆ, ಭಯ, ಓಡಾಟಗಳು ಸಾಮಾನ್ಯವಾಗಿ ಆರು ತಿಂಗಳು ಮೀರಿ ಬದುಕನ್ನು ಎಷ್ಟು ಆವರಿಸಿವೆ ಎಂಬುದನ್ನು ವೈದ್ಯರು ಈಗ ನೋಡುತ್ತಾರೆ. ನಿಜವಾದ ಹೃದ್ರೋಗ ಇರುವವರಿಗೂ ಈ ತೊಂದರೆ ಬರಬಹುದು.

ನಾಡಿ ನೋಡಿಕೊಂಡಾಗ, ಇಸಿಜಿ ಸರಿ ಬಂದಾಗ ಸಿಗುವ ನೆಮ್ಮದಿ ಬೇಗ ಕರಗುತ್ತದೆ, ಮತ್ತೆ ಪರೀಕ್ಷಿಸಿಕೊಳ್ಳುವ ಚಟವನ್ನು ಬೆಳೆಸುತ್ತದೆ. ಆದ್ದರಿಂದ ಒಬ್ಬರೇ ವೈದ್ಯರನ್ನು ಗೊತ್ತುಮಾಡಿಕೊಂಡು, ನೋವು ಬಂದಾಗಲೆಲ್ಲ ಓಡದೆ, ತಿಂಗಳಿಗೊಮ್ಮೆ ನಿಗದಿತ ದಿನ ಕಾಣಿರಿ. ನಾಡಿ ನೋಡುವುದನ್ನು ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಮುಂದೂಡಿರಿ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಗುಣ ಕಂಡಿದೆ. ಮಾತ್ರೆ ಬೇಕಾದರೆ ಅದರ ಫಲಕ್ಕೆ ಕೆಲವು ವಾರ ಕಾಯಬೇಕು, ನೀವಾಗಿಯೇ ನಿಲ್ಲಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಆದರೆ ನಡೆಯುವಾಗ ಎದೆ ಒತ್ತಿದಂತಾದರೆ, ಅಥವಾ ಬೆವರಿನೊಂದಿಗೆ ನೋವು ತೋಳಿಗೋ ದವಡೆಗೋ ಹರಡಿದರೆ ಆತಂಕವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ. ವೈದ್ಯರಲ್ಲಿಗೆ ಹೋಗುವಾಗ ನಿಮ್ಮ ಮನೆಯವರನ್ನೂ ಒಮ್ಮೆ ಕರೆದೊಯ್ಯಿರಿ. ನೀವು ರಾತ್ರಿ ಎದ್ದು ನಾಡಿ ನೋಡಿಕೊಳ್ಳುವಾಗ ಏನು ಹೇಳಬೇಕೆಂಬುದು ಅವರಿಗೂ ತಿಳಿಯಬೇಕಾಗಿದೆ.