ಮಗನ ಸೈಕಲ್ ಕಳುವಾಗಿದೆ. ಕೂಡಲೇ ಹೊಸದು ಕೊಡಿಸಲೋ, ಜವಾಬ್ದಾರಿ ಬರಲಿ ಅಂತ ಒಂದು ವರ್ಷ ಕಾಯಿಸಲೋ?

ಹುಬ್ಬಳ್ಳಿಯ ವಿದ್ಯಾನಗರ, ಟ್ಯೂಷನ್ ಮನೆ, ಕೀಲಿ ಹಾಕಿ ನಿಲ್ಲಿಸಿದ ಸೈಕಲ್, ಹೊರಗೆ ಬಂದು ನೋಡಿದರೆ ಖಾಲಿ ಜಾಗ. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರೊಂದು ಬದಲಾದರೆ ಅದು ನನ್ನದೇ ಕಥೆ.

ನಮ್ಮ ಮನೆ ಬೆಟಗೇರಿಯಲ್ಲಿ. ಟ್ಯೂಷನ್ ಗದಗಿನಲ್ಲಿ, ವೀರನಾರಾಯಣ ಗುಡಿ ಹತ್ತಿರದ ಒಂದು ಓಣಿಯಲ್ಲಿ. 1994ರಲ್ಲಿ ನಾನು ಆರನೇ ಇಯತ್ತೆಗೆ ಬಂದಾಗ ಅಪ್ಪ ಕೆಂಪು ಬಣ್ಣದ ಬಿಎಸ್‌ಎ ಎಸ್‌ಎಲ್‌ಆರ್ ಕೊಡಿಸಿದರು. ಅಲ್ಲಿಯವರೆಗೆ ಓಡಿಸಿದ್ದೆಲ್ಲ ಬಾಡಿಗೆ ಸೈಕಲ್, ತಾಸಿಗೆ ಇಷ್ಟು ಅಂತ. ದೊಡ್ಡವರ ಸೈಕಲ್ ಸಿಕ್ಕರೆ ನಡುವಿನ ಪೈಪಿನ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ಜೋತುಬಿದ್ದು ತುಳಿಯುತ್ತಿದ್ದೆವು. ಹಂಗಾಗಿ ಸ್ವಂತ ಸೈಕಲ್ ಬಂದ ಮೇಲೆ ಅದನ್ನು ಸಿಂಗರಿಸಿದ್ದೇ ಸಿಂಗರಿಸಿದ್ದು. ಎರಡೂ ಚಕ್ರದ ನಡುವೆ ಬಣ್ಣದ ಬ್ರಶ್. ಹ್ಯಾಂಡಲ್ ತುದಿಗೆ ಪ್ಲಾಸ್ಟಿಕ್ ರಿಬ್ಬನ್. ಸೀಟಿಗೆ ಅವ್ವ ಹೊಲಿದುಕೊಟ್ಟ ಕವರ್. ಚೈನ್ ಕವರ್ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ ನನ್ನ ಹೆಸರು. ಆಷಾಢದಲ್ಲಿ ಗದಗಿನ ಗಾಳಿ ಹೆಂಗಿರುತ್ತದೆ ಅಂತ ಅಲ್ಲಿ ಇದ್ದವರಿಗೆ ಗೊತ್ತು, ಎದುರಿಗೆ ಬಂದರೆ ಇಳಿದು ತಳ್ಳಿಕೊಂಡೇ ಹೋಗಬೇಕು. ಆ ಗಾಳಿಗೆ ರಿಬ್ಬನ್ ಪಟಪಟ ಅನ್ನುವುದನ್ನು ಕೇಳುವುದಕ್ಕೇ ನಾನು ಸುತ್ತಿನ ದಾರಿ ಹಿಡಿಯುತ್ತಿದ್ದೆ.

ಒಂದು ಸಂಜೆ ಅದು ಹೋಯಿತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಕೀಲಿ ಹಾಕಿದ್ದಿಲ್ಲೇನು?" ಮುಷ್ಟಿಯಲ್ಲಿದ್ದ ಕೀಲಿಕೈ ತೋರಿಸಿದೆ. "ಕೀಲಿ ಹಾಕಿದ್ರ ಹೆಂಗ ಹೋಗತೈತಿ?" ಅಂದರು ಕಾಕಾ. ಸಲೀಸಾಗಿ ಹೋಗುತ್ತದೆ. ಹಿಂದಿನ ಚಕ್ರಕ್ಕೆ ಕೂರಿಸಿರುವ ಆ ಉಂಗುರದ ಕೀಲಿ ಚಕ್ರ ತಿರುಗದಂತೆ ತಡೆಯುತ್ತದೆ, ಅಷ್ಟೇ. ಕ್ಯಾರಿಯರ್ ಹಿಡಿದು ಹಿಂದಿನ ಚಕ್ರ ಎತ್ತಿದರೆ ಮುಂದಿನ ಚಕ್ರದ ಮೇಲೆ ಸೈಕಲ್ ಉರುಳಿಕೊಂಡು ಹೋಗುತ್ತದೆ. ನೋಡಿದವರು ಪಂಕ್ಚರ್ ತಿದ್ದಿಸಲು ಒಯ್ಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಅಪ್ಪ ಠಾಣೆಗೆ ಹೋಗಿ ದೂರು ಬರೆದುಕೊಟ್ಟರು. ನಮ್ಮನ್ನು ಕೆಡಿಸಿದ್ದು ಆ ದೂರಿನ ಕಾಗದವೇ, ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ. ಗುರುತು ಏನು ಅಂತ ಕೇಳಿದ್ದಕ್ಕೆ ನಾವು ಬರೆದದ್ದು: ಕೆಂಪು ಬಣ್ಣ, ರಿಬ್ಬನ್, ಬ್ರಶ್, ಹೂವಿನ ಸೀಟ್ ಕವರ್, ಚೈನ್ ಕವರ್ ಮೇಲೆ ಹೆಸರು. ಇದರಲ್ಲಿ ಸೈಕಲ್ಲಿಗೆ ಅಂಟಿಕೊಂಡು ಉಳಿಯುವಂಥದ್ದು ಒಂದೂ ಇಲ್ಲ. ಕೈಯಲ್ಲಿ ಒಂದು ಪಾನಾ, ಒಂದು ಡಬ್ಬಿ ಬಣ್ಣ ಇದ್ದರೆ ಅರ್ಧ ತಾಸಿನಲ್ಲಿ ಎಲ್ಲಾ ಮಾಯ.

ಕೆಲವು ತಿಂಗಳಾದ ಮೇಲೆ ಠಾಣೆಯಿಂದ ಹೇಳಿಕಳಿಸಿದರು. ಸುಮಾರು ಸೈಕಲ್ ಸಿಕ್ಕಿವೆ, ಬಂದು ನೋಡಿ ಅಂತ. ಹಿತ್ತಲಿನ ಗೋಡೆಗೆ ಒರಗಿಸಿದ ಸಾಲಿನಲ್ಲಿ ನನ್ನದನ್ನು ನಾನು ದೂರದಿಂದಲೇ ಗುರುತು ಹಿಡಿದೆ. ಬ್ರಶ್ಶಿನಲ್ಲಿ ಬಳಿದ ಕಪ್ಪು ಬಣ್ಣ, ಬೇರೆ ಸೀಟು, ಚೈನ್ ಕವರೇ ಇಲ್ಲ. ಆದರೆ ಕಟ್ಟೆಗೆ ಹೊಡೆಸಿಕೊಂಡು ಕೆಳಗಿನ ಪೈಪಿನಲ್ಲಿ ಬಿದ್ದಿದ್ದ ತಗ್ಗು ಹಂಗೇ ಇತ್ತು. ಬೆರಳಿಟ್ಟು ನೋಡಿದೆ. ನನ್ನದೇ.

ಆದರೆ ಇನ್ನೊಬ್ಬರೂ ಅದು ತಮ್ಮದು ಅನ್ನುತ್ತಿದ್ದರು. ಸಾಹೇಬರು ಇಬ್ಬರಿಗೂ ಒಂದೇ ಮಾತು ಕೇಳಿದರು: "ಫ್ರೇಮ್ ನಂಬರ್ ಎಷ್ಟ್ರಿ?" ಅಪ್ಪ ನನ್ನ ಮುಖ ನೋಡಿದರು. ಒಬ್ಬ ಪೇದೆ ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲ್ ಕೂರುವ ದಪ್ಪ ಕೊಳವೆಯ ಅಡಿಯಲ್ಲಿ ಕೀಲಿಕೈಯಿಂದ ಕೆರೆದರು. ಕಪ್ಪು ಪುಡಿ ಉದುರಿತು, ಅದರ ಕೆಳಗಿಂದ ಕೆಂಪು ಬಣ್ಣ, ಕೆಂಪಿನೊಳಗೆ ಒತ್ತಿದ ಅಂಕಿಗಳು. ನನ್ನ ಸೈಕಲ್ಲಿಗೆ ಒಂದು ನಂಬರ್ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅದನ್ನು ಹೋಲಿಸಿ ತೋರಿಸೋಣ ಅಂದರೆ ನಮ್ಮ ಹತ್ತಿರ ಏನೂ ಇರಲಿಲ್ಲ. ಬಿಲ್ ಎಲ್ಲೋ ಹೋಗಿತ್ತು, ಅಂಗಡಿಯವರ ಪುಸ್ತಕದಲ್ಲೂ ಸಿಗಲಿಲ್ಲ. ಬರಿಗೈಯಲ್ಲಿ ಬಂದೆವು. ಠಾಣೆಯವರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣೀರು ನೋಡಿ ಸೈಕಲ್ ಕೊಡಲು ಆಗುವುದಿಲ್ಲ.

ಆ ನಂಬರ್ ಹೆಚ್ಚುಕಡಿಮೆ ಎಲ್ಲಾ ಸೈಕಲ್ಲಿಗೂ ಇರುತ್ತದೆ. ಹೆಚ್ಚಾಗಿ ಪೆಡಲ್ ಕೊಳವೆಯ ಅಡಿಯಲ್ಲಿ, ಕೆಲವಕ್ಕೆ ಸೀಟಿನ ಕೆಳಗಿನ ಪೈಪಿನ ಮೇಲೆ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗ ಹೈಸ್ಕೂಲುಗಳ ಮುಂದೆ ಒಂದೇ ನಮೂನೆಯ ಸೈಕಲ್ ಸಾಲುಗಟ್ಟಿ ನಿಲ್ಲುತ್ತಿದ್ದವು. ಅದರಲ್ಲಿ ಯಾವುದು ಯಾರದು ಅಂತ ಜಗಳವಿಲ್ಲದೆ ಹೇಳಬಲ್ಲದ್ದು ಆ ನಂಬರ್ ಒಂದೇ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ ರೀತಿಯೇ ನನಗೆ ಒಪ್ಪಿಗೆಯಾಗಲಿಲ್ಲ. ಜವಾಬ್ದಾರಿ ಬರಲಿ ಅಂತೀರಿ. ಹುಡುಗ ಕೀಲಿ ಹಾಕಿದ್ದ ಅಂತ ನೀವೇ ಬರೆದಿದ್ದೀರಿ. ಇನ್ನೇನು ಮಾಡಬೇಕಿತ್ತು ಅವನು, ಸೈಕಲ್ಲನ್ನು ಕ್ಲಾಸಿನೊಳಗೆ ಒಯ್ಯಬೇಕಿತ್ತಾ? ಕಳ್ಳ ಮಾಡಿದ ಕೆಲಸಕ್ಕೆ ಮಗುವಿಗೆ ಶಿಕ್ಷೆ ಕೊಟ್ಟರೆ ಅದು ಪಾಠ ಆಗುವುದಿಲ್ಲ. ನನ್ನನ್ನು ಹೈಸ್ಕೂಲ್ ಮುಗಿಯುವವರೆಗೆ ನಡೆಸಿದರು. ಮದುವೆ ಮನೆಗಳಲ್ಲಿ "ಸೈಕಲ್ ಕಳಕೊಂಡಾಂವ ಇವನ" ಅಂತ ನೆಂಟರಿಗೆ ಪರಿಚಯ ಮಾಡಿಸಿದರು. ಅದರಿಂದ ನಾನು ಕಲಿತದ್ದು ಏನಾದರೂ ಕಳೆದರೆ ಮನೆಯಲ್ಲಿ ಹೇಳಬಾರದು ಅನ್ನುವುದನ್ನು. ಮರುವರ್ಷ ಕಂಪಾಸ್ ಪೆಟ್ಟಿಗೆ ಕಳೆಯಿತು. ಹೇಳಲೇ ಇಲ್ಲ. ರೇಖಾಗಣಿತದ ಪೀರಿಯಡ್ಡಿನಲ್ಲಿ ಬೈಗುಳ ತಿಂದುಕೊಂಡು ಸುಮ್ನೆ ನಿಂತೆ.

ಸೈಕಲ್ ಕೊಡಿಸಿ. ಈ ವಾರವೇ ಕೊಡಿಸಿ. ದುಡ್ಡಿನ ಅಡಚಣೆ ಇದ್ದರೆ ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆದರೆ ಅದಕ್ಕೂ ಬಿಲ್ ಕೇಳಿ. ನಂಬರಿನ ಜಾಗದಲ್ಲಿ ಅರದಿಂದ ಉಜ್ಜಿದ ಗುರುತಿದ್ದರೆ ಮುಟ್ಟಬೇಡಿ, ಅದು ಇನ್ನೊಂದು ಮಗುವಿನ ಸೈಕಲ್ ಇರಬಹುದು. ಹೊಸದಾದರೆ ಅಂಗಡಿಯಲ್ಲೇ ತಲೆಕೆಳಗು ಮಾಡಿಸಿ, ನಂಬರ್ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆ ಫೋಟೋ ತೆಗೆಯುವ ಕೆಲಸ ಮಗನಿಗೇ ಕೊಡಿ. ಉಂಗುರದ ಕೀಲಿ ಒಂದನ್ನೇ ನಂಬಬೇಡಿ. ಚೈನ್ ಕೀಲಿಯನ್ನು ಫ್ರೇಮಿನೊಳಗಿಂದ ತೂರಿಸಿ ಕಂಬಕ್ಕೋ ಗೇಟಿಗೋ ಬಿಗಿಯಬೇಕು.

ಅದಕ್ಕೂ ಮೊದಲು ಕಳುವಾದದ್ದರ ಬಿಲ್ ಹುಡುಕಿ. ಸಿಗದಿದ್ದರೆ ಕೊಂಡ ಅಂಗಡಿಗೆ ಹೋಗಿ ಕೇಳಿ, ಈಗ ಬಹಳಷ್ಟು ಕಡೆ ಲೆಕ್ಕ ಕಂಪ್ಯೂಟರಿನಲ್ಲಿ ಇರುತ್ತದೆ. ಬೆಲೆಗೂ ಆ ಬಿಲ್ ಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 5000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಈಗಿನ ಮಕ್ಕಳ ಸೈಕಲ್ ಎಷ್ಟೋ ಆ ಗೆರೆ ದಾಟಿರುತ್ತವೆ, ನಿಮ್ಮದೂ ದಾಟಿದ್ದರೆ ಕಾಗದ ಇಟ್ಟು ತೋರಿಸಿ. ದೂರಿನಲ್ಲಿ ಬಣ್ಣಕ್ಕಿಂತ ಮೊದಲು ಫ್ರೇಮ್ ನಂಬರ್ ಬರೆಯಿರಿ. ಸ್ವೀಕೃತಿ ಇಸಿದುಕೊಳ್ಳಿ, ಆಗಾಗ ಹೋಗಿ ವಿಚಾರಿಸಿ. ಮಗನನ್ನೂ ಕರೆದುಕೊಂಡು ಹೋಗಿ. ಅವನ ಮಾತನ್ನು ನೀವು ನಂಬಿದ್ದೀರಿ ಅಂತ ಅವನಿಗೆ ಅಲ್ಲೇ ಗೊತ್ತಾಗಲಿ. ಹೊಸ ಸೈಕಲ್ಲಿಗೆ ಅಂಗಡಿಗೆ ಸಂಜೆ ಹೋದರೂ ನಡೆಯುತ್ತದೆ.