ನಿಲ್ಲಲು ನೆಲೆಯಿಲ್ಲದ ವಿಮಾನಗಳು

ವಿಮಾನಗಳ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅವು ಹೇಗೆ ಹಾರುತ್ತವೆ ಎಂದು ಕೇಳುತ್ತವೆ. ಹಾರದೆ ನಿಂತ ವಿಮಾನಗಳ ಬಗ್ಗೆ ಕೇಳಿರುವ ಕೆಲವು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಬಸ್ಸುಗಳೆಲ್ಲ ಡಿಪೋದಲ್ಲಿ ಸಾಲಾಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಗ ವಿಮಾನಗಳನ್ನು ಎಲ್ಲಿ ನಿಲ್ಲಿಸಿದರು? ಅಷ್ಟಕ್ಕೂ ಸಾಲುವಷ್ಟು ಹ್ಯಾಂಗರುಗಳಿವೆಯೇ?
— ನಿವೃತ್ತ ಸಾರಿಗೆ ನೌಕರರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಬಸ್ಸಿಗೆ ಡಿಪೋ ಉಂಟು, ವಿಮಾನಕ್ಕೆ ಅಂಥದ್ದೊಂದು ಇಲ್ಲ. ಹ್ಯಾಂಗರ್ ಎಂಬುದು ದುರಸ್ತಿಯ ಶೆಡ್ಡು. ಅದರೊಳಗೆ ಕೆಲಸವಿರುವ ಬೆರಳೆಣಿಕೆಯ ವಿಮಾನಗಳಿಗೆ ಮಾತ್ರ ಜಾಗ. ಉಳಿದವು ಗಾಳಿಯಲ್ಲಿರಬೇಕು, ಇಲ್ಲವೇ ಒಂದು ಊರಿನಲ್ಲಿ ಜನರನ್ನು ಇಳಿಸಿ ಇನ್ನೊಂದು ಊರಿಗೆ ಜನರನ್ನು ಹತ್ತಿಸಿಕೊಳ್ಳುತ್ತಿರಬೇಕು ಎಂಬ ಲೆಕ್ಕದ ಮೇಲೆಯೇ ಜಗತ್ತಿನ ವಿಮಾನ ನಿಲ್ದಾಣಗಳು ಕಟ್ಟಲ್ಪಟ್ಟಿವೆ. ಸರದಿಯ ಮೇಲೆ ಬಂದುಹೋಗುತ್ತಿದ್ದ ನೆಂಟರೆಲ್ಲ ಒಂದೇ ದಿನ ಬಂದು, ತಿಂಗಳುಗಟ್ಟಲೆ ಇಲ್ಲೇ ಇರುತ್ತೇವೆ ಎಂದು ಹಾಸಿಗೆ ಬಿಚ್ಚಿದರೆ ಮನೆಯವರಿಗೆ ಏನಾಗುತ್ತದೋ 2020ರ ಮಾರ್ಚಿನಲ್ಲಿ ನಿಲ್ದಾಣಗಳಿಗೆ ಆದದ್ದು ಅದೇ.

ಆ ವರ್ಷದ ಏಪ್ರಿಲ್ ಹೊತ್ತಿಗೆ ಜಗತ್ತಿನಾದ್ಯಂತ ಹದಿನಾರು ಸಾವಿರಕ್ಕೂ ಹೆಚ್ಚು ಪ್ರಯಾಣಿಕ ವಿಮಾನಗಳು, ಅಂದರೆ ಇದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ನೆಲ ಹಿಡಿದಿದ್ದವು. ನಮ್ಮ ದೇಶದಲ್ಲಿ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕ ಹಾರಾಟವೇ ಇರಲಿಲ್ಲ. ಸುಮಾರು 650 ವಿಮಾನಗಳಿಗೆ ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್, ಚೆನ್ನೈ ಮುಂತಾದ ಕಡೆ ಜಾಗ ಹುಡುಕಬೇಕಾಯಿತು. ಪ್ರಯಾಣಿಕರು ಹತ್ತಿಳಿಯುವ ಅಂಗಳ ಮೊದಲು ತುಂಬಿತು. ಆಮೇಲೆ ವಿಮಾನಗಳು ರನ್‌ವೇಗೆ ಹೋಗಿಬರುವ ಟ್ಯಾಕ್ಸಿವೇಗಳು ತುಂಬಿದವು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಾಲ್ಕು ರನ್‌ವೇಗಳ ಪೈಕಿ ವಾಯವ್ಯ ದಿಕ್ಕಿನದನ್ನು ಹಾರಾಟಕ್ಕೆ ಮುಚ್ಚಿ, ಅದರ ಮೇಲೆಯೇ ಲುಫ್ತಾನ್ಸಾದ ವಿಮಾನಗಳನ್ನು ಸಾಲಾಗಿ ನಿಲ್ಲಿಸಿದರು. ಕೋಪನ್‌ಹೇಗನ್‌ನಲ್ಲೂ ಅಮೆರಿಕದ ಅಟ್ಲಾಂಟಾದಲ್ಲೂ ರನ್‌ವೇಗಳು ಹೀಗೆಯೇ ನಿಲುಗಡೆಯ ಜಾಗಗಳಾದವು.

ಹೀಗೆ ಒತ್ತಿ ನಿಲ್ಲಿಸುವುದೇ ಒಂದು ಲೆಕ್ಕಾಚಾರ. ಒಂದರ ಮೂತಿಯನ್ನು ಇನ್ನೊಂದರ ರೆಕ್ಕೆಯ ಹಿಂದಿನ ಖಾಲಿಗೆ ಓರೆಯಾಗಿ ತೂರಿಸಿ, ಟಗ್ ಗಾಡಿಯಿಂದ ಅಡಿ ಅಡಿಯಾಗಿ ತಳ್ಳಿ ಕೂರಿಸಬೇಕು. ಒಳಗಿನದೊಂದು ಬೇಕೆಂದರೆ ಅದಕ್ಕೆ ಅಡ್ಡವಾಗಿರುವ ನಾಲ್ಕನ್ನು ಸರಿಸಬೇಕು. ಮದುವೆ ಛತ್ರದ ಮುಂದೆ ಮೊದಲು ಬಂದು ಕಾರು ನಿಲ್ಲಿಸಿ, ಊಟ ಮುಗಿಸಿ ಬೇಗ ಹೊರಡಲು ನೋಡಿದವರಿಗೆ ಈ ಕಷ್ಟ ಗೊತ್ತು. ಕಾರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ: 2019ರ ಮಾರ್ಚಿನಲ್ಲಿ ಎರಡು ಅಪಘಾತಗಳ ಬಳಿಕ 737 ಮ್ಯಾಕ್ಸ್ ವಿಮಾನಗಳ ಹಾರಾಟ ನಿಂತಾಗ, ಕಾರ್ಖಾನೆಯಿಂದ ಹೊರಬಂದರೂ ಗಿರಾಕಿಗಳಿಗೆ ಒಪ್ಪಿಸಲಾಗದ ಹೊಸ ವಿಮಾನಗಳನ್ನು ಬೋಯಿಂಗ್ ಸಂಸ್ಥೆ ಸಿಯಾಟಲ್‌ನಲ್ಲಿ ತನ್ನ ನೌಕರರ ಕಾರು ನಿಲುಗಡೆಯಲ್ಲಿಯೇ ಇಡಬೇಕಾಗಿ ಬಂದಿತ್ತು.

ಇದೆಲ್ಲ ಕೆಲವು ವಾರಗಳ ಮಾತು. ತಿಂಗಳುಗಳೇ ಹಿಡಿಯುತ್ತವೆ ಎಂದು ಖಚಿತವಾದ ಮೇಲೆ ದೊಡ್ಡ ವಿಮಾನಗಳು ಒಂದೊಂದಾಗಿ ಮರುಭೂಮಿಯ ಕಡೆ ಹೊರಟವು.

ಪ್ರಶ್ನೆ: ಮರುಭೂಮಿಯೇ ಏಕೆ? ನಮ್ಮ ಬಜ್ಪೆಯಲ್ಲಿ ಇಟ್ಟರೆ ಆಗುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬಜ್ಪೆಯದು ಗುಡ್ಡದ ನೆತ್ತಿ ಕಡಿದು ಮಾಡಿದ ನಿಲ್ದಾಣ, ಅಲ್ಲಿ ಹೆಚ್ಚು ವಿಮಾನ ನಿಲ್ಲಿಸಲು ನೆಲವೇ ಇಲ್ಲ ಎಂಬುದು ಮೊದಲ ಮಾತು. ನೆಲವಿದ್ದರೂ ಬೇಡವೆನ್ನುತ್ತಿದ್ದರು. ಮಳೆಗಾಲದಲ್ಲಿ ಬೀರುವಿನೊಳಗಿಟ್ಟ ಚಪ್ಪಲಿಗೂ ಬೂಸಲು ಹಿಡಿಯುವ ಊರು ನಿಮ್ಮದು. ವಿಮಾನದ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದಕ್ಕೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ತೇವ ಮತ್ತು ಉಪ್ಪುಗಾಳಿ ಸೇರಿದರೆ ರಿವೆಟ್ಟಿನ ಸುತ್ತ, ಬಣ್ಣದ ಪದರದ ಕೆಳಗೆ, ಕಣ್ಣಿಗೆ ಬೀಳದಂತೆ ಬಿಳಿ ಪುಡಿಯಾಗಿ ಲೋಹ ಕರಗುತ್ತಾ ಹೋಗುತ್ತದೆ. ನಿಂತ ವಿಮಾನದ ದೊಡ್ಡ ಶತ್ರು ಈ ತೇವವೇ.

ಸಿಂಗಪುರದ ಹವೆಯೂ ನಿಮ್ಮ ಊರಿನಂಥದ್ದೇ. ಆದ್ದರಿಂದ 2020ರ ಏಪ್ರಿಲ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್ ತನ್ನ ಎರಡಂತಸ್ತಿನ ಎ380 ವಿಮಾನಗಳಲ್ಲಿ ಕೆಲವನ್ನು ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್‌ಗೆ ಕಳಿಸಿತು. ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 280 ಮಿಲಿಮೀಟರಿನಷ್ಟು. ಕರ್ನಾಟಕದ ಅತಿ ಒಣ ತಾಲ್ಲೂಕುಗಳಲ್ಲಿ ಒಂದೆಂದು ನಾವು ಹೇಳುವ ಚಳ್ಳಕೆರೆಯಲ್ಲಿ ಕೂಡ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ.

ಒಣಹವೆಯ ಜೊತೆಗೆ ಗಟ್ಟಿ ನೆಲವೂ ಬೇಕು. ಪ್ರಯಾಣಿಕರು, ಸರಕು, ಇಂಧನ ಯಾವುದೂ ಇಲ್ಲದ ಎ380 ಒಂದರ ತೂಕವೇ ಸುಮಾರು 277 ಟನ್. ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ಪಕ್ಕದ ಡೇವಿಸ್-ಮಾಂಥನ್ ವಾಯುನೆಲೆಯ ಮಣ್ಣಿನಡಿ ಸುಣ್ಣ ಬೆರೆತ, ಗಾರೆಯಷ್ಟು ಗಟ್ಟಿಯಾದ ಪದರವಿದ್ದು, ಕಾಂಕ್ರೀಟು ಹಾಕದೆಯೇ ಅದರ ಮೇಲೆ ವಿಮಾನ ನಿಲ್ಲಿಸಬಹುದು. ಎರಡನೇ ಮಹಾಯುದ್ಧ ಮುಗಿದು, ಸಾವಿರಾರು ಬಾಂಬರ್‌ಗಳನ್ನು ಏನು ಮಾಡುವುದೆಂದು ತೋಚದಿದ್ದಾಗ ಅಮೆರಿಕದ ಸೇನೆ ಈ ಜಾಗವನ್ನು ಆರಿಸಿಕೊಂಡಿತು. ಇಂದಿಗೂ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೇನಾ ವಿಮಾನಗಳಿವೆ. ನಾಗರಿಕ ವಿಮಾನಗಳು ಸೇರುವ ಜಾಗಗಳಲ್ಲಿಯೂ ಅನೇಕವು ಸೇನೆ ಬಿಟ್ಟುಹೋದ ನೆಲೆಗಳೇ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ 1992ರವರೆಗೆ ವಾಯುಪಡೆಯದಾಗಿತ್ತು. ಹಾರುವ ತಟ್ಟೆಯ ಕಥೆಗೆ ಹೆಸರಾದ ರಾಸ್‌ವೆಲ್ ಕೂಡ ಹಾಗೆಯೇ. ಅನ್ಯಗ್ರಹದ ನೌಕೆ ಹುಡುಕಿಕೊಂಡು ಹೋದವರಿಗೆ ಅಲ್ಲಿ ಈಗ ಸಾಲುಸಾಲು ಹಳೆಯ ಬೋಯಿಂಗ್‌ಗಳು ಸಿಗುತ್ತವೆ. ಯುರೋಪಿನವರಿಗೆ ಸ್ಪೇನ್‌ನ ಟೆರುವೆಲ್ ಇದೆ. ಅದು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಒಣ ಬಯಲು.

ಪ್ರಶ್ನೆ: ನಾಲ್ಕು ತಿಂಗಳು ಮುಟ್ಟದೆ ಬಿಟ್ಟ ನನ್ನ ಸ್ಕೂಟರ್ ಮತ್ತೆ ಸ್ಟಾರ್ಟ್ ಆಗಲು ಮೆಕ್ಯಾನಿಕ್ಕನ್ನೇ ಕರೆಸಬೇಕಾಯಿತು. ವಿಮಾನವನ್ನು ಬರೀ ನಿಲ್ಲಿಸಿ ಬಂದರೆ ಸಾಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ನಿಂತ ವಿಮಾನಕ್ಕೆ ಹಾರುವ ವಿಮಾನದಷ್ಟೇ ಚಾಕರಿ ಬೇಕು ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ತೀರಾ ಹೆಚ್ಚಾಗದು. ಜಾತ್ರೆ ಮುಗಿದ ಮೇಲೆ ತೇರಿನ ಅಲಂಕಾರ ಬಿಚ್ಚಿ, ತಗಡಿನ ಹೊದಿಕೆ ಮುಚ್ಚಿ, ಮುಂದಿನ ವರ್ಷ ಎಳೆಯುವ ಮುನ್ನ ಅಚ್ಚು, ಗಾಲಿ ನೋಡುವ ಪದ್ಧತಿ ನಮ್ಮ ಊರುಗಳಲ್ಲಿದೆ. ಇಲ್ಲಿ ನಡುವಿನ ದಿನಗಳಲ್ಲೂ ಬಿಡುವಿಲ್ಲ.

ಮೊದಲು ಎಲ್ಲ ತೂತುಗಳನ್ನೂ ಮುಚ್ಚಬೇಕು. ಎಂಜಿನ್ನಿನ ಬಾಯಿಗೆ ಹೊದಿಕೆ ಕಟ್ಟುತ್ತಾರೆ. ಕಟ್ಟುವ ಮುನ್ನ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಇಡುತ್ತಾರೆ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಸಿಗುವ, ತಿನ್ನಬೇಡಿ ಎಂದು ಬರೆದ ಆ ಪುಟ್ಟ ಪೊಟ್ಟಣವೇ ಇದು, ಗಾತ್ರ ಮಾತ್ರ ದೊಡ್ಡದು. ಕಿಟಕಿಗಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬೆಳ್ಳಿಬಣ್ಣದ ಹಾಳೆ ಅಂಟಿಸುತ್ತಾರೆ. ಶೌಚಾಲಯದ ಮತ್ತು ಕುಡಿಯುವ ನೀರಿನ ತೊಟ್ಟಿಗಳನ್ನು ಬರಿದು ಮಾಡಿ ಒಣಗಿಸುತ್ತಾರೆ, ಬ್ಯಾಟರಿಯ ಸಂಪರ್ಕ ಬಿಡಿಸುತ್ತಾರೆ, ಗಾಲಿಗಳನ್ನು ಹಿಡಿದಿರುವ ಕಾಲು, ಅಂದರೆ ಲ್ಯಾಂಡಿಂಗ್ ಗೇರಿನ ಹೊಳೆಯುವ ಕೊಳವೆಗಳಿಗೆ ಗ್ರೀಸ್ ಬಳಿಯುತ್ತಾರೆ. ಆದರೆ ಇಂಧನದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ: ಬಿರುಗಾಳಿ ಬೀಸಿದರೆ ವಿಮಾನ ಅಲುಗದಿರಲು ಆ ಭಾರ ಬೇಕು, ತೊಟ್ಟಿಯ ರಬ್ಬರು ಸೀಲುಗಳು ಒಣಗಿ ಬಿರಿಯದಿರಲೂ ಬೇಕು. ಇಂಧನದಲ್ಲಿ ಸೇರಿಕೊಳ್ಳುವ ನೀರಿನಂಶದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುವುದರಿಂದ ಅದಕ್ಕೆ ಔಷಧಿ ಬೆರೆಸುತ್ತಾರೆ. ಒಂದೆರಡು ವಾರಕ್ಕೊಮ್ಮೆ ಗಾಲಿಗಳನ್ನು ಸ್ವಲ್ಪ ಉರುಳಿಸಬೇಕು. ಇಲ್ಲವಾದರೆ ಇಡೀ ಭಾರ ಟಯರಿನ ಒಂದೇ ಮಗ್ಗುಲಿಗೆ ಬಿದ್ದು ಅದು ಚಪ್ಪಟೆಯಾಗುತ್ತದೆ. ಎ380ಕ್ಕೆ ಇಂಥ ಗಾಲಿಗಳು 22.

ಆಸ್ಟ್ರೇಲಿಯಾದ ಕ್ವಾಂಟಾಸ್ ತನ್ನ ಎ380ಗಳನ್ನು ವಿಕ್ಟರ್‌ವಿಲ್‌ನಲ್ಲಿ ಇಟ್ಟಿತ್ತು. ಅಲ್ಲಿನ ಬುಡುಬುಡಿಕೆ ಹಾವುಗಳಿಗೆ ಟಯರಿನ ಸುತ್ತಲಿನ ಬೆಚ್ಚನೆಯ ಸಂದುಗಳು ಬಹಳ ಹಿತವಂತೆ. ಆದ್ದರಿಂದ ಅಲ್ಲಿನ ಎಂಜಿನಿಯರರು ಪ್ರತಿ ವಿಮಾನಕ್ಕೂ ಒಂದೊಂದು ಉದ್ದ ಹಿಡಿಯ ಪೊರಕೆಯ ಕೋಲನ್ನು ಮೀಸಲಿಟ್ಟು, ಅದರ ಮೇಲೆ ವಿಮಾನದ ನೋಂದಣಿ ಸಂಖ್ಯೆ ಬರೆದು, ಕೆಲಸಕ್ಕೆ ಬಗ್ಗುವ ಮುನ್ನ ಕಾಲು ಕುಟ್ಟುತ್ತಾ ಗಾಲಿಗಳನ್ನು ಅದರಿಂದ ಬಡಿದು ಹಾವನ್ನು ಓಡಿಸುತ್ತಿದ್ದರು. ಕೋಟ್ಯಂತರ ಡಾಲರಿನ ಯಂತ್ರದ ಸಲಕರಣೆಗಳ ಪಟ್ಟಿಯಲ್ಲಿ ಪೊರಕೆಯ ಕೋಲಿಗೂ ಸ್ಥಾನ ಸಿಕ್ಕಿದ್ದು ನನಗಂತೂ ಬಹಳ ಹಿಡಿಸಿತು.

ಪ್ರಶ್ನೆ: ನಿಲ್ಲಿಸಿದ್ದಕ್ಕೆ ಬಾಡಿಗೆ ಇದೆಯೇ?
— ಓದುಗರು, ಮೈಸೂರು

ಉತ್ತರ: ಇದೆ. ವಿಮಾನದ ತೂಕ ಮತ್ತು ನಿಂತ ಅವಧಿಯ ಮೇಲೆ ನಿಲ್ದಾಣಗಳು ಶುಲ್ಕ ಹಾಕುತ್ತವೆ. ಅನೇಕ ವಿಮಾನಗಳು ಕಂಪನಿಯ ಸ್ವಂತದ್ದಲ್ಲ, ಗುತ್ತಿಗೆಯವು. ಹಾರಲಿ ಬಿಡಲಿ, ಗುತ್ತಿಗೆಯ ಕಂತು ಏರುತ್ತಲೇ ಇರುತ್ತದೆ.

ಪ್ರಶ್ನೆ: ಹಾಗೆ ತಿಂಗಳುಗಟ್ಟಲೆ ನಿಂತ ವಿಮಾನದಲ್ಲಿ ಕೂರುವುದು ಸುರಕ್ಷಿತವೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಕ್ರಮ ತಪ್ಪದೆ ಎಬ್ಬಿಸಿದರೆ ಸುರಕ್ಷಿತ. ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಫೆಬ್ರವರಿ 6ರ ಒಂದು ದುರಂತವಿದೆ. ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್ ಏರ್‌ನ ಬೋಯಿಂಗ್ 757 ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಅದಕ್ಕೆ ಮುನ್ನ ಆ ವಿಮಾನ ಸುಮಾರು ಮೂರು ವಾರ ಹಾರದೆ ನಿಂತಿತ್ತು. ವಿಮಾನದ ಮೂತಿಯ ಪಕ್ಕದಲ್ಲಿ ಬೆರಳಿನಂತೆ ಚಾಚಿಕೊಂಡಿರುವ ಪಿಟೋ ಕೊಳವೆ ಎಂಬುದೊಂದಿದೆ. ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು ಅಳೆದು ಪೈಲಟ್‌ಗೆ ವೇಗ ತಿಳಿಸುವುದು ಅದೇ. ನಿಂತಿದ್ದಾಗ ಕೆಲವು ದಿನ ಅದಕ್ಕೆ ಟೊಪ್ಪಿಗೆ ಹಾಕಿರಲಿಲ್ಲ. ಕಿಟಕಿಯ ಚಿಲಕದ ತೂತಿನಲ್ಲಿ ಮಣ್ಣು ಮೆತ್ತಿ ಗೂಡು ಮಾಡುವ ಕುಂಬಾರ ಹುಳುವನ್ನು ನೀವು ನೋಡಿರುತ್ತೀರಿ. ಅದೇ ಜಾತಿಯ ಕಣಜವೊಂದು ಆ ಕೊಳವೆಯಲ್ಲಿ ಮನೆ ಮಾಡಿತ್ತೆಂದೇ ತನಿಖೆ ಊಹಿಸಿತು. ವೇಗ ಸಾಲದಾಗುತ್ತಿದ್ದರೂ ಯಂತ್ರ ಹೆಚ್ಚು ವೇಗ ತೋರಿಸಿತು, ಪೈಲಟ್‌ಗಳು ಗೊಂದಲಕ್ಕೆ ಬಿದ್ದರು.

ಈ ಪಾಠ ಹಳೆಯದಾದರೂ 2020ರಲ್ಲಿ ಮತ್ತೆ ನೆನಪಿಸಬೇಕಾಯಿತು. ನಿಲುಗಡೆಯಿಂದ ಹೊರಬಂದ ವಿಮಾನಗಳ ಮೊದಲ ಹಾರಾಟಗಳಲ್ಲಿ ತಪ್ಪು ವೇಗ ತೋರುವ ಪ್ರಕರಣಗಳು ಹೆಚ್ಚಿದ್ದನ್ನು ಕಂಡು ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಆ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಅದಕ್ಕೆ ಹಿಂದಿನ ತಿಂಗಳು ಅಮೆರಿಕದ ನಿಯಂತ್ರಕರು ಹಳೆಯ ತಲೆಮಾರಿನ 737 ವಿಮಾನಗಳ ಬಗ್ಗೆ ತುರ್ತು ಆದೇಶ ಹೊರಡಿಸಿದ್ದರು: ಏಳು ದಿನ ಅಥವಾ ಹೆಚ್ಚು ನಿಂತವುಗಳಲ್ಲಿ ಎಂಜಿನ್ನಿನ ಒಂದು ಕವಾಟ ತುಕ್ಕು ಹಿಡಿದು ಸಿಕ್ಕಿಕೊಳ್ಳಬಹುದು, ಎರಡೂ ಎಂಜಿನ್ ನಿಲ್ಲುವ ಅಪಾಯವಿದೆ, ಹಾರುವ ಮುನ್ನ ಪರೀಕ್ಷಿಸಿ ಎಂದು. ಬರೀ ಏಳು ದಿನ ಎಂಬುದನ್ನು ಗಮನಿಸಿ.

ಈ ಕಾರಣದಿಂದಲೇ ಎಬ್ಬಿಸುವ ಕೆಲಸ ಮಲಗಿಸುವುದಕ್ಕಿಂತ ದೊಡ್ಡದು. ದೀರ್ಘಕಾಲ ಮಲಗಿದ ಒಂದು ಎ380ಯನ್ನು ಹಾರಲು ಸಿದ್ಧಗೊಳಿಸಲು ಎರಡು ತಿಂಗಳಲ್ಲಿ ಸುಮಾರು 4,500 ಗಂಟೆಗಳ ಆಳುದುಡಿಮೆ ಬೇಕೆಂದು ಕ್ವಾಂಟಾಸ್ ಹೇಳಿತ್ತು. ಕಟ್ಟಿದ ಪ್ರತಿ ಹೊದಿಕೆ, ಅಂಟಿಸಿದ ಪ್ರತಿ ಟೇಪು, ತೂಗುಬಿಟ್ಟ ಪ್ರತಿ ಕೆಂಪು ಪಟ್ಟಿಯನ್ನು ದಾಖಲೆಯ ಪ್ರಕಾರ ಎಣಿಸಿ ತೆಗೆಯಬೇಕು. ಲೆಕ್ಕದಲ್ಲಿ ಒಂದು ಕಡಿಮೆ ಬಂದರೂ ಅದು ಸಿಗುವವರೆಗೆ ವಿಮಾನ ಕದಲುವಂತಿಲ್ಲ.

ಪ್ರಶ್ನೆ: ಕಂಪನಿಯೇ ಮುಳುಗಿದರೆ ಅದರ ವಿಮಾನಗಳ ಗತಿ ಏನು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಊರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ಆದರೆ ಸ್ಪಷ್ಟ ಉದಾಹರಣೆ ಗೋ ಫಸ್ಟ್‌ನದು. 2023ರ ಮೇ ತಿಂಗಳಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ, ದಿವಾಳಿ ಕಾನೂನಿನ ತಡೆಯಿಂದಾಗಿ ಗುತ್ತಿಗೆ ಕೊಟ್ಟವರು ತಮ್ಮದೇ ವಿಮಾನಗಳನ್ನು ಒಯ್ಯುವಂತಿರಲಿಲ್ಲ. ಬಿಸಿಲು ಮಳೆಯಲ್ಲಿ ನಿಂತ ತಮ್ಮ ವಿಮಾನಗಳನ್ನು ನೋಡಿಕೊಳ್ಳಲಿಕ್ಕೂ ಅವರು ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದುಪಡಿಸಲು ಆದೇಶಿಸಿದ ಮೇಲೆ ಅವು ಬಿಡುಗಡೆಯಾದವು. ಈ ತೊಡಕನ್ನು ಬಗೆಹರಿಸಲು 2025ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ತಡವಾಗಿ ಬಂದರೂ ಅಗತ್ಯವಿದ್ದ ಕಾಯ್ದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮರುಭೂಮಿಗೆ ಹೋದವೆಲ್ಲ ಮರಳಿ ಬಂದವೇ?
— ಓದುಗರು, ಕಲಬುರಗಿ

ಉತ್ತರ: ಎಲ್ಲವೂ ಇಲ್ಲ. ಪ್ರಯಾಣಿಕರು ತಿರುಗಿ ಬಂದಂತೆ ಲುಫ್ತಾನ್ಸಾ ಮತ್ತೆಂದೂ ಹಾರಿಸುವುದಿಲ್ಲ ಎಂದುಕೊಂಡಿದ್ದ ತನ್ನ ಎ380ಗಳನ್ನು 2023ರಲ್ಲಿ ಎಬ್ಬಿಸಿ ತಂದಿತು. ಏರ್ ಫ್ರಾನ್ಸ್ 2020ರಲ್ಲೇ ತನ್ನವನ್ನು ಕೈಬಿಟ್ಟಿತ್ತು. ನಾಲ್ಕು ಎಂಜಿನ್ನಿನ ಹಳೆಯ 747ಗಳಲ್ಲಿ ಅನೇಕವಕ್ಕೆ ಆ ವರ್ಷ ಕೊನೆಯದಾಯಿತು. ಬ್ರಿಟಿಷ್ ಏರ್‌ವೇಸ್ ತನ್ನಲ್ಲಿದ್ದ 31ನ್ನೂ ಜುಲೈನಲ್ಲಿ ನಿವೃತ್ತಿಗೊಳಿಸಿತು. ಅದೇ ತಿಂಗಳು 22ರಂದು ಕ್ವಾಂಟಾಸ್‌ನ ಕೊನೆಯ 747 ಸಿಡ್ನಿಯಿಂದ ಹೊರಟು, ರೇಡಾರ್ ನಕಾಶೆಯಲ್ಲಿ ಕಾಂಗರೂ ಚಿತ್ರ ಮೂಡುವಂತೆ ಸಮುದ್ರದ ಮೇಲೆ ಸುತ್ತಿ, ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಕಡೆ ಹೋಯಿತು. ಅಂಥ ಜಾಗಗಳಲ್ಲಿ ಮತ್ತೆ ಹಾರದೆಂದು ತೀರ್ಮಾನವಾದ ವಿಮಾನದಿಂದ ಮೊದಲು ಕಳಚುವುದು ಎಂಜಿನ್‌ಗಳನ್ನು, ಏಕೆಂದರೆ ಹೆಚ್ಚು ಬೆಲೆ ಅವಕ್ಕೇ. ಆಮೇಲೆ ಲ್ಯಾಂಡಿಂಗ್ ಗೇರ್, ಉಪಕರಣಗಳು. ಉಳಿದ ಮೈಯನ್ನು ಯಂತ್ರದಿಂದ ಕತ್ತರಿಸಿ ಅಲ್ಯೂಮಿನಿಯಂ ಕರಗಿಸಲು ಕಳಿಸುತ್ತಾರೆ. ಬಣ್ಣವಿರುವ ಒಂದಷ್ಟು ಚೂರುಗಳನ್ನು ಬೀಗದ ಕೈಗೊಂಚಲಿನ ಬಿಲ್ಲೆಗಳನ್ನಾಗಿ ಮಾಡಿ ಮಾರುವವರೂ ಇದ್ದಾರೆ.