ಅನ್ನ ಬಿಟ್ಟರೆ ತೂಕ ಇಳಿಯುತ್ತದಾ? ನಿಮಗೊಂದು ಉತ್ತರ, ಅಮ್ಮನಿಗೆ ಇನ್ನೊಂದು

ಅನ್ನ, ಮುದ್ದೆ, ಚಪಾತಿ ಬಿಟ್ಟು ಲೋ ಕಾರ್ಬ್ (ಪಿಷ್ಟ, ಸಕ್ಕರೆ ಕಡಿಮೆ ಇರುವ) ಡಯಟ್ ಮಾಡಿದರೆ ತೂಕ ಇಳಿಯುತ್ತದಾ, ನಾನೂ ಅಮ್ಮನೂ ಒಟ್ಟಿಗೆ ಶುರು ಮಾಡಬಹುದಾ ಎಂದು ಕೇಳಿದ್ದೀರಿ. ಅಮ್ಮನಿಗೆ ಶುಗರ್ ಇದೆ ಎಂದೂ ಬರೆದಿದ್ದೀರಿ. ಹಾಗಾಗಿ ಮೊದಲು ಅಮ್ಮನ ವಿಷಯ.

ಎರಡು ವರ್ಷದ ಹಿಂದೆ ನಾನೂ ಅಪ್ಪನೂ ಹೀಗೇ ಜೊತೆಯಾಗಿ ಶುರು ಮಾಡಿದ್ದೆವು. ಅಪ್ಪ ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೂರನೇ ದಿನ ಎಂದಿನಂತೆ ಮಾತ್ರೆ ನುಂಗಿ, ಇಡ್ಲಿ ಬದಲು ಎರಡು ಮೊಟ್ಟೆ, ಬೀನ್ಸ್ ಪಲ್ಯ ತಿಂದರು. ಹನ್ನೊಂದು ಗಂಟೆಗೆ ನೋಡಿದರೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಾರೆ. ಬನಿಯನ್ ಬೆವರಿಗೆ ತೊಯ್ದು ಮೈಗೆ ಅಂಟಿದೆ, ಸಕ್ಕರೆ ಡಬ್ಬಿ ಕೈಯಲ್ಲಿದೆ, ಕೈ ನಡುಗಿ ಮುಚ್ಚಳ ತೆಗೆಯಲಾಗುತ್ತಿಲ್ಲ. ಶುಗರ್ ಮೀಟರಿನಲ್ಲಿ 52, ತೀರಾ ಕಡಿಮೆ. ಸಕ್ಕರೆ ನೀರು ಕುಡಿಸಿದ ಮೇಲೆ ಕಾಲು ಗಂಟೆಗೆ ಸುಧಾರಿಸಿಕೊಂಡರು. ಆ ಭಯ ನನಗಿನ್ನೂ ಹೋಗಿಲ್ಲ.

ನಾವು ಅನ್ನ ತಿಂದರೂ ತಿನ್ನದಿದ್ದರೂ ಆ ಮಾತ್ರೆ ದೇಹದಲ್ಲಿ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ಶುಗರ್ ಇಳಿಯುತ್ತಲೇ ಹೋಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯಾದರೆ ಇನ್ನೊಂದು ತೊಂದರೆ: ಕಾರ್ಬ್ ತೀರಾ ಕಡಿಮೆಯಾದಾಗ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು, ಆಗ ಮೀಟರಿನ ಅಂಕಿ ಅಷ್ಟೇನೂ ಹೆಚ್ಚಿರುವುದಿಲ್ಲ, ಹಾಗಾಗಿ ಬೇಗ ಗೊತ್ತಾಗುವುದಿಲ್ಲ. ಅದಕ್ಕೇ ಮಾತ್ರೆ ಪಟ್ಟಿಯನ್ನೇ ಡಾಕ್ಟರ ಮುಂದಿಟ್ಟು, 'ಅನ್ನ ಅರ್ಧ ಮಾಡಿದರೆ ಇದರಲ್ಲಿ ಯಾವುದನ್ನು ಎಷ್ಟು ಇಳಿಸಬೇಕು' ಎಂದು ಕೇಳಿ. ಅಪ್ಪನಿಗೆ ಡಾಕ್ಟರು ಡೋಸ್ ಇಳಿಸಿದ ಮೇಲೆ ನಿಧಾನಕ್ಕೆ ಅನ್ನ ಕಡಿಮೆ ಮಾಡಿದೆವು. ಊಟವಾದ ಮೇಲಿನ ಶುಗರ್ ಚೆನ್ನಾಗಿಯೇ ಇಳಿಯಿತು. ಕಿಡ್ನಿ ತೊಂದರೆ ಇರುವವರು, ಬಸುರಿಯರು ತಾವೇ ಶುರು ಮಾಡಲೇಬಾರದು.

ಇನ್ನು ನಿಮ್ಮದು. ಬೇರೆ ಕಾಯಿಲೆ ಇಲ್ಲದಿದ್ದರೆ ಮಾಡಬಹುದು, ತೂಕ ಇಳಿಯುತ್ತದೆ. ನನಗೆ ಮೊದಲ ವಾರದಲ್ಲೇ ಎರಡೂವರೆ ಕಿಲೋ ಹೋಯಿತು. ಅದರಲ್ಲಿ ಬಹುಪಾಲು ನೀರು. ಲಿವರ್, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜನ್ (ಸಕ್ಕರೆಯ ದಾಸ್ತಾನು) ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಹೊರಟುಹೋಗುತ್ತದೆ. ಜೊತೆಗೆ ಉಪ್ಪೂ ಹೋಗುವುದರಿಂದ ತಲೆನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಎಲ್ಲ ಶುರುವಾಗುತ್ತದೆ. ನನಗೆ ಮಲಬದ್ಧತೆಯೂ ಆಯಿತು, ಸೊಪ್ಪು ಹೆಚ್ಚು ಮಾಡಿದ ಮೇಲೆ ಸರಿಹೋಯಿತು.

ಮುಂದಿನ ಇಳಿಕೆ ನಿಧಾನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ಮೇಲೆ ಒಂದು ವರ್ಷ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ ಇಳಿದರೆ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದರು. ಅಂಥ ವ್ಯತ್ಯಾಸವೇನಲ್ಲ. ನನಗೆ ಇದು ಒಗ್ಗಿದ್ದು ಹಸಿವು ಕಡಿಮೆಯಾದದ್ದರಿಂದ. ಮೊಟ್ಟೆ, ಮೀನು ತಿಂದ ದಿನ ಸಂಜೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುವುದಿಲ್ಲ. ತುಪ್ಪ, ಬೆಣ್ಣೆ, ಚೀಸ್ ಮೇಲೆಯೇ ನಡೆಸಿದರೆ ಕೆಲವರಿಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಬಹಳ ಏರುತ್ತದೆ. ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಅನ್ನ ಬಿಟ್ಟು ಮುದ್ದೆ ಹಿಡಿದರೆ ಲೋ ಕಾರ್ಬ್ ಆಗುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65 ಗ್ರಾಂಗಿಂತ ಹೆಚ್ಚೇ ಕಾರ್ಬ್ ಇದೆ. ನಾರು, ಕ್ಯಾಲ್ಸಿಯಂ ಇರುವುದರಿಂದ ಅಕ್ಕಿಗಿಂತ ಒಳ್ಳೆಯದು, ನಿಜ. ಈಗ ನಮ್ಮ ಮನೆಯಲ್ಲಿ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಅದರ ಪಕ್ಕದಲ್ಲಿ ತಟ್ಟೆ ತುಂಬ ಬಸ್ಸಾರಿನ ಸೊಪ್ಪು, ಕಾಳು.